‘ಇನ್ನೊಂದು ಓದಿ’ ಎಂದವರು: ಲೇಖಕಿಯರ ಸಂಘಗಳು ಮತ್ತು ಕವಯಿತ್ರಿಯರ ವೇದಿಕೆ

ಕನ್ನಡ ಸಾಹಿತ್ಯದ ಮಟ್ಟಿಗೆ 1979 ಜಗಳದ ವರ್ಷ. ಧರ್ಮಸ್ಥಳದ ಸಾಹಿತ್ಯ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಒಂದು ಗೋಷ್ಠಿ ಬೇಕು ಎಂಬ ಬೇಡಿಕೆಗೆ ಒಪ್ಪಿಗೆ ಸಿಗಲಿಲ್ಲ. ಮಾರ್ಚ್ ತಿಂಗಳಲ್ಲಿ ಬೆಂಗಳೂರಿನಲ್ಲಿ ಬಂಡಾಯ ಸಾಹಿತಿಗಳು ಸೇರಿದರು. ಆ ಕಥೆ ಯಾವ ಸಾಹಿತ್ಯ ಚರಿತ್ರೆಯಲ್ಲೂ ತಪ್ಪುವುದಿಲ್ಲ. ಅದೇ ವರ್ಷ, ಅದೇ ಬೆಂಗಳೂರಿನಲ್ಲಿ ಕರ್ನಾಟಕ ಲೇಖಕಿಯರ ಸಂಘವೂ ಹುಟ್ಟಿತು. ಇದಕ್ಕೆ ಚರಿತ್ರೆಕಾರರು ಕೊಡುವ ಜಾಗ ಹೆಚ್ಚೆಂದರೆ ಅರ್ಧ ಸಾಲು. ಸಂಘದ ಮೊದಲ ಅಧ್ಯಕ್ಷೆ ಟಿ. ಸುನಂದಮ್ಮ. ರಾಶಿಯವರು 1942ರಲ್ಲಿ ಆರಂಭಿಸಿದ ಹಾಸ್ಯಪತ್ರಿಕೆ ‘ಕೊರವಂಜಿ’ಯಲ್ಲಿ ಬರೆಯುತ್ತ ಬೆಳೆದ ನಗೆಬರಹಗಾರ್ತಿ. ಗಂಡ, ಅತ್ತೆ, ಅಡಿಗೆಮನೆ, ಪಕ್ಕದ ಮನೆಯಾಕೆ ಎಲ್ಲರನ್ನೂ ನಗುನಗುತ್ತಲೇ ವಿಚಾರಿಸಿಕೊಂಡಿದ್ದವರು ಅಧ್ಯಕ್ಷರ ಕುರ್ಚಿಯಲ್ಲಿ ಕೂತದ್ದು ಒಳ್ಳೆಯದೇ ಆಯಿತು. ಅಂಜುವವರನ್ನು ವೇದಿಕೆಗೆ ಕರೆತರುವ ಕೆಲಸಕ್ಕೆ ಗಂಟುಮುಖದವರು ಆಗಿಬರುವುದಿಲ್ಲ.

ಸಂಘದ ಇಡೀ ಚರಿತ್ರೆಯನ್ನು ಹೇಳುವುದು ಈ ಲೇಖನದ ಉದ್ದೇಶವಲ್ಲ. ಕವಿತೆ ಬರೆದು ಟ್ರಂಕಿನಲ್ಲಿಟ್ಟುಕೊಂಡಿದ್ದ ಹೆಂಗಸರು ಹತ್ತು ಜನರೆದುರು ನಿಂತು ಓದುವಂತೆ ಮಾಡಲು ಈ ಸಂಘವೂ ಇದರಂಥ ಇತರ ಸಂಘಗಳೂ ಏನೇನು ಮಾಡಿದವು, ಎಲ್ಲಿ ಎಡವಿದವು ಎಂಬುದಷ್ಟೇ ನನ್ನ ವಿಷಯ.

ಮಹಿಳಾ ಗೋಷ್ಠಿಯ ಆಶಯ ಭಾಷಣ ಅಕ್ಕಮಹಾದೇವಿಯಿಂದ ಶುರುವಾಗದಿದ್ದರೆ ನಮ್ಮಲ್ಲಿ ಯಾರಿಗೂ ಸಮಾಧಾನವಿಲ್ಲ. ಅಕ್ಕನ ಜತೆ ಮೂವತ್ತಕ್ಕೂ ಹೆಚ್ಚು ಶರಣೆಯರು ವಚನ ಬರೆದರು ಎಂಬುದು ನಿಜ, ಹೆಮ್ಮೆಯೂ ಹೌದು. ಆದರೆ ಭಾಷಣ ಹನ್ನೆರಡನೆಯ ಶತಮಾನದಿಂದ ನೇರ ಇಪ್ಪತ್ತಕ್ಕೆ ಜಿಗಿಯುತ್ತದೆ. ನಡುವಿನವರಲ್ಲಿ ಇಬ್ಬರನ್ನಾದರೂ ನೆನೆಯಬೇಕು. ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಸಂಚಿ ಹಿಡಿಯುವ ಊಳಿಗದಲ್ಲಿದ್ದ ಹೊನ್ನಮ್ಮ ಸಾಂಗತ್ಯದಲ್ಲಿ ‘ಹದಿಬದೆಯ ಧರ್ಮ’ ಬರೆದಳು. ರಾಣಿ ದೇವಾಜಮ್ಮಣ್ಣಿಯ ಒತ್ತಾಸೆ ಆಕೆಗಿತ್ತು. ಹದಿನೆಂಟನೆಯ ಶತಮಾನದ ಹೆಳವನಕಟ್ಟೆ ಗಿರಿಯಮ್ಮನ ಹಾಡುಗಳಿಗೆ ಅರಮನೆಯ ಆಸರೆ ಇರಲಿಲ್ಲ. ಮನೆಮನೆಯ ಹೆಂಗಸರು ಕಲಿತು ಹಾಡಿದ್ದರಿಂದ ಉಳಿದುಬಂದವು. ಒಬ್ಬಳಿಗೆ ಬರೆಸಿಕೊಳ್ಳುವವರಿದ್ದರು, ಇನ್ನೊಬ್ಬಳಿಗೆ ಹಾಡಿಕೊಳ್ಳುವವರಿದ್ದರು. ಬರೆದದ್ದು ಉಳಿಯಲು ಈ ಎರಡರಲ್ಲಿ ಒಂದಾದರೂ ಬೇಕು. ಎರಡೂ ಇಲ್ಲದೆ ಹೋದವರ ಹೆಸರು ನಮಗೆ ತಿಳಿಯುವುದಾದರೂ ಹೇಗೆ?

ಅಚ್ಚಿನ ಕಾಲ ಬಂದಾಗ ಈ ಆಸರೆಯನ್ನು ಹೆಂಗಸರೇ ಕಟ್ಟತೊಡಗಿದರು. ನಂಜನಗೂಡು ತಿರುಮಲಾಂಬಾ ಬಾಲವಿಧವೆ. 1913ರಲ್ಲಿ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಆರಂಭಿಸಿದರು, ಮುಂದೆ ‘ಕರ್ನಾಟಕ ನಂದಿನಿ’ ಪತ್ರಿಕೆ ತಂದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರ ‘ಸರಸ್ವತಿ’ 1921ರಲ್ಲಿ ಹುಟ್ಟಿ ನಾಲ್ಕು ದಶಕ ಬಾಳಿತು. ಶಾರದಾ ಸ್ತ್ರೀ ಸಮಾಜ, ಮಕ್ಕಳ ಕೂಟಗಳನ್ನು ನಡೆಸುತ್ತಲೇ ತಿಂಗಳು ತಪ್ಪದೆ ಪತ್ರಿಕೆ ತರುವುದು ಎಂಥ ದುಡಿಮೆ ಎಂದು ಸಣ್ಣ ಪತ್ರಿಕೆ ನಡೆಸಿ ಕೈಸುಟ್ಟುಕೊಂಡ ಯಾರನ್ನಾದರೂ ಕೇಳಿ. ಬಿ.ಎಂ. ಶ್ರೀಕಂಠಯ್ಯನವರು ಉಪಾಧ್ಯಕ್ಷರಾಗಿದ್ದ ಕಾಲದಲ್ಲಿ ಸಾಹಿತ್ಯ ಪರಿಷತ್ತು ಮಹಿಳಾ ಶಾಖೆಯೊಂದನ್ನು ತೆರೆದಾಗಲೂ ಕಲ್ಯಾಣಮ್ಮ ಅದರ ಮುಂಚೂಣಿಯಲ್ಲಿದ್ದರು. ಕರಾವಳಿಯಲ್ಲಿ ‘ಗಿರಿಬಾಲೆ’ ಹೆಸರಿನಲ್ಲಿ ಬರೆಯುತ್ತಿದ್ದ ಸರಸ್ವತಿಬಾಯಿ ರಾಜವಾಡೆ ಉಡುಪಿಯಿಂದ ‘ಸುಪ್ರಭಾತ’ ತಂದರು.

ಮೂವರೂ ದೊಡ್ಡವರು. ಆದರೆ ಮೂರೂ ಪ್ರಯತ್ನಗಳು ಒಬ್ಬೊಬ್ಬರ ರಟ್ಟೆಯ ಬಲದ ಮೇಲೆ ನಿಂತಿದ್ದವು. ಅವರು ದಣಿದಾಗ ಪತ್ರಿಕೆಯೂ ದಣಿಯಿತು. ತಿರುಮಲಾಂಬಾ 1982ರವರೆಗೆ ಬದುಕಿದ್ದರು. ಹಾಗಿದ್ದೂ ಕೊನೆಯ ಹಲವು ದಶಕ ಸಾಹಿತ್ಯಲೋಕಕ್ಕೆ ಅವರ ನೆನಪೇ ಇರಲಿಲ್ಲ; ಚಿ.ನ. ಮಂಗಳಾ ಅಂಥವರು ಹುಡುಕಿಕೊಂಡು ಹೋಗಿ ಬರೆಯಬೇಕಾಯಿತು. ರಾಜವಾಡೆಯವರು ಸಾಹಿತ್ಯದಿಂದಲೇ ದೂರ ಸರಿದರು. ಅವರ ಬದುಕನ್ನು ವೈದೇಹಿ ‘ಮುಂತಾದ ಕೆಲ ಪುಟಗಳು’ ಕೃತಿಯಲ್ಲಿ ದಾಖಲಿಸದಿದ್ದರೆ ಇಂದಿನವರಿಗೆ ಆ ಹೆಸರು ತಿಳಿಯುತ್ತಿರಲಿಲ್ಲ. ನನ್ನ ಮಟ್ಟಿಗೆ ಲೇಖಕಿಯರ ಸಂಘಗಳ ಮೊದಲ ಸಾಧನೆ ಇಲ್ಲಿದೆ: ಅಧ್ಯಕ್ಷರು ಬದಲಾದರೂ ಕೆಲಸ ನಿಲ್ಲದಂಥ ಏರ್ಪಾಡು. ಸುನಂದಮ್ಮನವರ ನಂತರ ಎಚ್.ಎಸ್. ಪಾರ್ವತಿ, ಹೇಮಲತಾ ಮಹಿಷಿ, ನಾಗಮಣಿ ಎಸ್. ರಾವ್, ಉಷಾ ಪಿ. ರೈ, ವಸುಂಧರಾ ಭೂಪತಿ, ವನಮಾಲಾ ಸಂಪನ್ನಕುಮಾರ್, ಎಚ್.ಎಲ್. ಪುಷ್ಪಾ ಮೊದಲಾದವರು ಹೊಣೆ ಹೊತ್ತರು. ಇವರಲ್ಲಿ ವಕೀಲೆ ಇದ್ದಾರೆ, ಆಕಾಶವಾಣಿಯ ಸುದ್ದಿ ವಿಭಾಗದವರಿದ್ದಾರೆ, ವೈದ್ಯೆ ಇದ್ದಾರೆ, ಕವಯಿತ್ರಿ ಇದ್ದಾರೆ. ಲೆಕ್ಕಪತ್ರ, ವಾರ್ಷಿಕ ಮಹಾಸಭೆ, ಕೋರಂ, ಚುನಾವಣೆಯ ಮುನಿಸು ಎಲ್ಲವೂ ಇದ್ದವು. ಕೇಳುವವರಿಗೆ ಇದೆಲ್ಲ ಬೇಸರದ ವಿವರ. ಸಂಸ್ಥೆಗಳು ಉಳಿಯುವುದು ಮಾತ್ರ ಇಂಥ ಬೇಸರದ ಕೆಲಸವನ್ನು ಯಾರೋ ಮಾಡುವುದರಿಂದಲೇ.

ಕಥೆ, ಕಾದಂಬರಿಗಿಂತ ಕವಿತೆಯ ಸಮಸ್ಯೆ ಬೇರೆ. ಕಾದಂಬರಿಗಾರ್ತಿ ಮನೆಯಲ್ಲೇ ಕೂತು ಬರೆದು ಅಂಚೆಗೆ ಹಾಕಬಹುದು; ಗುರುತು ಬೇಡವೆಂದರೆ ಕಾವ್ಯನಾಮವಿದೆ. ಅನಸೂಯಾ ಶಂಕರ್ ತ್ರಿವೇಣಿಯಾದರು, ಸುಬ್ಬಮ್ಮ ವಾಣಿಯಾದರು. ಜಾನಕಿಯವರು ‘ವೈದೇಹಿ’ ಆದದ್ದಂತೂ ವಾರಪತ್ರಿಕೆಯೊಂದರ ಸಂಪಾದಕರ ಕೈಯಲ್ಲಿ: ನಿಜಸಂಗತಿ ಬೆರೆತ ಕಥೆಯನ್ನು ಹಾಕಬೇಡಿ ಎಂದು ಅವರು ಕೇಳಿಕೊಂಡಾಗ ಹೆಸರು ಬದಲಿಸಿ ಅಚ್ಚುಮಾಡಿದರು. ಕವಿಗೋಷ್ಠಿಯಲ್ಲಿ ಈ ಮರೆ ಸಿಗುವುದಿಲ್ಲ. ಬರೆದವಳೇ ಎದ್ದು ನಿಲ್ಲಬೇಕು, ಮೈಕಿನ ಮುಂದೆ ತನ್ನ ದನಿಯಲ್ಲೇ ಓದಬೇಕು. ಅದರ ಮೇಲೆ ಕವಿತೆಯಲ್ಲಿ ‘ನಾನು’ ಎಂದು ಬಂದರೆ ಕೇಳುಗರು ಆ ‘ನಾನು’ವನ್ನು ಓದುವವಳಿಗೇ ಅಂಟಿಸುತ್ತಾರೆ, ‘ಅವನು’ ಎಂದು ಬಂದರೆ ಮೂರನೆಯ ಸಾಲಿನಲ್ಲಿ ಕೂತ ಗಂಡನ ಕಡೆ ತಿರುಗಿ ನೋಡುತ್ತಾರೆ. ಗಂಡು ಕವಿ ಊರ ಸುಂದರಿಯರ ಮೇಲೆಲ್ಲ ಬರೆದರೂ ಅವನ ಹೆಂಡತಿಯತ್ತ ಯಾರೂ ತಿರುಗುವುದಿಲ್ಲ.

ಹಾಗೆಂದು ವೇದಿಕೆ ಹೆಂಗಸರಿಗೆ ಹೊಸದಾಗಿರಲಿಲ್ಲ. ಪ್ರಾರ್ಥನೆ ಅವರದು, ಸ್ವಾಗತ ಅವರದು, ಹಾರದ ತಟ್ಟೆ ಹಿಡಿದು ನಿಲ್ಲುವುದು ಅವರದು. ಭಾವಗೀತೆಯಂತೂ ಅವರದೇ ಕ್ಷೇತ್ರ. ‘ಮೈಸೂರ ಮಲ್ಲಿಗೆ’ಯ ಹೊಸ ಮದುವಣಗಿತ್ತಿಯ ಮಾತನ್ನು ಕೆ.ಎಸ್. ನರಸಿಂಹಸ್ವಾಮಿ ಬರೆದರು, ಊರೂರಿನ ಹೆಣ್ಣುಮಕ್ಕಳು ಹಾಡಿದರು. ಎಷ್ಟೋ ಕಾಲ ನಮ್ಮ ವೇದಿಕೆಗಳಲ್ಲಿ ಹೆಣ್ಣಿನ ಕಂಠಕ್ಕೆ ಅವಕಾಶವಿತ್ತು, ಹೆಣ್ಣಿನ ಪದಕ್ಕೆ ಇರಲಿಲ್ಲ. ಹಾಡಿದವಳೇ ಮನೆಗೆ ಹೋಗಿ ತನ್ನದೊಂದನ್ನು ಗೀಚಿ ಮುಚ್ಚಿಡುತ್ತಿದ್ದಳು.

ಇನ್ನು ಕವಿಗೋಷ್ಠಿಯ ಹೊತ್ತುಗೊತ್ತು. ನಮ್ಮಲ್ಲಿ ಕವಿಗೋಷ್ಠಿ ಹಬ್ಬಗಳ ಜತೆಗೇ ಬೆಳೆದದ್ದು: ಯುಗಾದಿ ಕವಿಗೋಷ್ಠಿ, ಸಂಕ್ರಾಂತಿ ಕವಿಗೋಷ್ಠಿ, ದಸರಾ ಕವಿಗೋಷ್ಠಿ. ಹಬ್ಬದ ದಿನ ಮನೆಯ ಗಂಡಸಿಗೆ ರಜೆ, ಹೆಂಗಸಿಗೆ ದುಪ್ಪಟ್ಟು ಕೆಲಸ. ಒಲೆಯ ಮೇಲೆ ಹೋಳಿಗೆಯ ಹಂಚು ಕಾಯುತ್ತಿರುವಾಗ ಹೊಸ ವರ್ಷದ ಕವಿತೆ ಓದಲು ಯಾವಳು ಹೊರಡುತ್ತಾಳೆ? ಉಳಿದ ಗೋಷ್ಠಿಗಳು ಇಳಿಹೊತ್ತಿಗೆ ಶುರು. ಉದ್ಘಾಟಕರು ತಡವಾಗಿ ಬಂದು, ಮುಖ್ಯ ಅತಿಥಿ ದೀರ್ಘವಾಗಿ ಮಾತಾಡಿ, ಕವಿಗಳ ಸರದಿ ಬರುವಾಗ ರಾತ್ರಿ ಎಂಟೂವರೆ. ಕೊನೆಯ ಬಸ್ಸಿನ ಚಿಂತೆಯಿದ್ದವಳು ಕವಿತೆಯ ಹಾಳೆಯನ್ನು ಚೀಲದಲ್ಲೇ ಇಟ್ಟುಕೊಂಡು ಎದ್ದು ಹೋದರೆ, ಮರುವರ್ಷ ಸಂಘಟಕರ ಮಾತು ಸಿದ್ಧವಿರುತ್ತದೆ: ‘ಕರೆದರೂ ಬರುವುದಿಲ್ಲ.’

ಲೇಖಕಿಯರ ಸಂಘಗಳು ಮೊದಲು ಕೈಹಾಕಿದ್ದು ಈ ಸಣ್ಣ ಸಂಗತಿಗಳಿಗೆ. ಮಧ್ಯಾಹ್ನದ ಊಟ ಮುಗಿದು ಮಕ್ಕಳು ಶಾಲೆಯಿಂದ ಬರುವುದರೊಳಗಿನ ಹೊತ್ತು, ಇಲ್ಲವೆ ಭಾನುವಾರದ ಬೆಳಿಗ್ಗೆ. ಬಸ್ಸು ಓಡುವ ಬೀದಿಯಲ್ಲಿ ಜಾಗ. ಜಾಗ ಸಿಗದಿದ್ದರೆ ಸದಸ್ಯೆಯೊಬ್ಬರ ಮನೆಯ ಹಜಾರ. ಆಹ್ವಾನ ಪತ್ರಿಕೆಯಲ್ಲಿ ಬರೆದವಳ ಹೆಸರು ಅಚ್ಚಾಗಿರುವುದೂ ಮುಖ್ಯವಾಗಿತ್ತು. ಮನೆಯಲ್ಲಿ ತೋರಿಸಿ ಹೊರಡಲು ಅದೇ ಅಪ್ಪಣೆ ಚೀಟಿ. ಕವಿತೆ ಕಳಿಸಿ ಎಂದು ಒಂದು ಕಾರ್ಡು ಬರೆದರೆ ಸಾಲದು, ಎರಡನೆಯದನ್ನೂ ಬರೆಯಬೇಕು ಎಂಬುದನ್ನು ಕಾರ್ಯದರ್ಶಿಗಳು ಬೇಗ ಕಲಿತರು. ‘ನನ್ನದೇನು ಮಹಾ’ ಎಂಬ ಉತ್ತರ ಮೊದಲ ಸಲ ಎಲ್ಲರಿಂದಲೂ ಬರುತ್ತದೆ. ಅದನ್ನು ನಂಬಿ ಸುಮ್ಮನಾದ ಸಂಘಟಕರಿಗೆ ಕವಯಿತ್ರಿಯರು ಸಿಗಲಿಲ್ಲ, ನಂಬದೆ ಮತ್ತೆ ಕೇಳಿದವರಿಗೆ ಸಿಕ್ಕರು. ಓದಿ ಮುಗಿಸಿ ಗಡಿಬಿಡಿಯಲ್ಲಿ ಕೆಳಗಿಳಿಯುವವಳನ್ನು ‘ಇನ್ನೊಂದು ಓದಿ’ ಎಂದು ನಿಲ್ಲಿಸುವ ಒಂದು ದನಿ ಸಭೆಯಲ್ಲಿದ್ದರೆ ಆಕೆ ಮುಂದಿನ ತಿಂಗಳು ಎರಡು ಕವಿತೆ ತರುತ್ತಾಳೆ.

ಈ ಮಾತನ್ನು ಚೆನ್ನಾಗಿ ಅರಿತದ್ದು ಮಂಗಳೂರು. ಅಲ್ಲಿನ ಕರಾವಳಿ ಲೇಖಕಿಯರ ವಾಚಕಿಯರ ಸಂಘ ಬರೆಯುವವರ ಜತೆ ಓದುವವರನ್ನೂ ಸದಸ್ಯರನ್ನಾಗಿ ಮಾಡಿಕೊಂಡಿತು. ಸಾರಾ ಅಬೂಬಕ್ಕರ್ 1990ರಿಂದ 1994ರವರೆಗೆ ಇದರ ಅಧ್ಯಕ್ಷೆ. ‘ಚಂದ್ರಗಿರಿಯ ತೀರದಲ್ಲಿ’ ಬರೆದು ಹೆಸರಾದವರು, 1985ರಲ್ಲಿ ಪುತ್ತೂರಿನಲ್ಲಿ ಮತೀಯವಾದಿಗಳ ದಾಳಿಯನ್ನು ಎದುರಿಸಿದವರು. ಹೆಣ್ಣು ಬಾಯಿ ತೆರೆದರೆ ಏನಾಗಬಹುದು ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಓದುಗರಿಗೂ ಸದಸ್ಯತ್ವ ಕೊಟ್ಟದ್ದರ ಲಾಭ ಇಮ್ಮಡಿ. ಕವಿಗಳಷ್ಟೇ ಸೇರಿದ ಗೋಷ್ಠಿಯಲ್ಲಿ ಪ್ರತಿಯೊಬ್ಬರೂ ತಮ್ಮ ಸರದಿಗೆ ಕಾಯುತ್ತಿರುತ್ತಾರೆ, ಕೇಳುವ ಕಿವಿ ಇರುವುದಿಲ್ಲ. ಓದುವ ಹವ್ಯಾಸದವರು ಮುಂದೆ ಕೂತರೆ ಗೋಷ್ಠಿಗೆ ಕಿವಿ ಬರುತ್ತದೆ. ಎರಡನೆಯದಾಗಿ, ‘ನಾನು ಬರೀ ಓದುವವಳು’ ಎಂದು ಹೆಸರು ಕೊಟ್ಟು ಸೇರುವುದು ಸಂಕೋಚದವರಿಗೆ ಸುಲಭ. ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತ ಕೇಳುತ್ತ ‘ಇಷ್ಟು ನಾನೂ ಬರೆಯಬಲ್ಲೆ’ ಅನ್ನಿಸುವುದಕ್ಕೆ ಹೆಚ್ಚು ಕಾಲ ಬೇಕಿಲ್ಲ. ಈ ಒಂದು ನಿಯಮವನ್ನು ರಾಜ್ಯದ ಉಳಿದ ಸಂಘಗಳು ಏಕೆ ನಕಲು ಮಾಡಲಿಲ್ಲವೋ.

ಮಂಗಳೂರಿಗೆ ಇನ್ನೊಂದು ಅನುಕೂಲವಿತ್ತು. 1976ರಲ್ಲಿ ಅಲ್ಲಿ ಆಕಾಶವಾಣಿ ಕೇಂದ್ರ ಬಂತು. ಧಾರವಾಡಕ್ಕೆ 1950ರಲ್ಲೇ, ಬೆಂಗಳೂರಿಗೆ 1955ರಲ್ಲಿ ಬಂದಿತ್ತು. ಬಾನುಲಿಯ ಮಹಿಳಾ ಕಾರ್ಯಕ್ರಮಗಳು ಕವಯಿತ್ರಿಯರಿಗೆ ಮಾಡಿದ ಉಪಕಾರವನ್ನು ಯಾರೂ ಸರಿಯಾಗಿ ಬರೆದಿಲ್ಲ. ಸ್ಟುಡಿಯೋದ ಬಾಗಿಲು ಮುಚ್ಚಿದರೆ ಎದುರಿಗೆ ಕೇಳುಗರಿಲ್ಲ, ದಿಟ್ಟಿಸುವ ಕಣ್ಣುಗಳಿಲ್ಲ. ಓದಿದ್ದು ಮಾತ್ರ ಊರಿಗೆಲ್ಲ ಕೇಳುತ್ತದೆ. ಮೇಲೆ ಒಂದು ಚೆಕ್ಕೂ ಬರುತ್ತದೆ. ಬರೆದದ್ದಕ್ಕೆ ಸರ್ಕಾರವೇ ದುಡ್ಡು ಕೊಟ್ಟಿತು ಎಂದರೆ, ‘ಪದ್ಯ ಬರೆದು ಏನು ಬಂತು’ ಎನ್ನುವ ಮನೆಯವರ ಬಾಯಿ ಸ್ವಲ್ಪ ದಿನವಾದರೂ ಮುಚ್ಚುತ್ತದೆ.

ಈ ಸಂಘಗಳ ಆಚೆಯೂ ದಾರಿಗಳಿದ್ದವು. ಚಿ. ಶ್ರೀನಿವಾಸರಾಜು ಕಟ್ಟಿ ಬೆಳೆಸಿದ ಬೆಂಗಳೂರಿನ ಕ್ರೈಸ್ಟ್ ಕಾಲೇಜು ಕನ್ನಡ ಸಂಘದ ಬೇಂದ್ರೆ ಸ್ಮೃತಿ ಕಾವ್ಯಸ್ಪರ್ಧೆ ಕಾಲೇಜು ಹುಡುಗಿಯರಿಗೆ ಮೊದಲ ಮೆಟ್ಟಿಲಾಯಿತು. ಕಾಂತಾವರದ ಕನ್ನಡ ಸಂಘ ಮುದ್ದಣನ ಹೆಸರಿನಲ್ಲಿ, ಉಡುಪಿಯವರು ಕಡೆಂಗೋಡ್ಲು ಶಂಕರಭಟ್ಟರ ಹೆಸರಿನಲ್ಲಿ ಕೊಡುವ ಪ್ರಶಸ್ತಿಗಳು ಅಚ್ಚಾಗದ ಹಸ್ತಪ್ರತಿಗೆ. ಪುಸ್ತಕ ತರಲು ಕೈಯಲ್ಲಿ ಹಣವಿಲ್ಲದವರಿಗೆ, ಹಣ ಕೇಳಲು ಮುಜುಗರ ಪಡುವವರಿಗೆ ಇದು ದೊಡ್ಡ ಮಾತು. ಹಸ್ತಪ್ರತಿ ಅಂಚೆಯಲ್ಲಿ ಹೋಗುತ್ತದೆ, ಶಿಫಾರಸು ಬೇಕಿಲ್ಲ. 1993ರಲ್ಲಿ ಬಂದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ನೆರವು ಕೊಡಲು ತೊಡಗಿದ ಮೇಲೆ ಬಾಗಿಲು ಇನ್ನಷ್ಟು ತೆರೆಯಿತು. ಬೆಂಗಳೂರಿನಲ್ಲಿ ಮಮತಾ ಸಾಗರ ನಡೆಸಿದ ‘ಕಾವ್ಯ ಸಂಜೆ’ ಹಾರ-ತುರಾಯಿಗಳ ಶಿಷ್ಟಾಚಾರ ಬಿಟ್ಟು, ಕನ್ನಡದ ಜತೆ ಬೇರೆ ಭಾಷೆಗಳನ್ನೂ ಕೂರಿಸಿಕೊಂಡಿತು. ಬೆಳಗಾವಿಯಲ್ಲಿ ಜಿಲ್ಲಾ ಲೇಖಕಿಯರ ಸಂಘ ಬೇರೂರಿತು.

ಕವಿತೆಗಳೂ ಸುಮ್ಮನಿರಲಿಲ್ಲ. ಧಾರವಾಡದ ಮಾಲತಿ ಪಟ್ಟಣಶೆಟ್ಟಿಯವರ ‘ಬಾ ಪರೀಕ್ಷೆಗೆ’ ಲೇಖಕಿಯರ ಸಂಘಕ್ಕಿಂತ ಮೊದಲೇ, 1976ರಲ್ಲಿ ಬಂದಿತ್ತು. ಎಂಬತ್ತರ ದಶಕದಲ್ಲಿ ಪ್ರತಿಭಾ ನಂದಕುಮಾರ್, ಸ. ಉಷಾ, ಎಚ್.ಎಸ್. ಮುಕ್ತಾಯಕ್ಕ, ಶಶಿಕಲಾ ವೀರಯ್ಯಸ್ವಾಮಿ, ಸವಿತಾ ನಾಗಭೂಷಣ ಒಬ್ಬರ ಹಿಂದೊಬ್ಬರಂತೆ ಬಂದರು. ಇವರನ್ನೆಲ್ಲ ಸಂಘಗಳೇ ಬೆಳೆಸಿದವು ಎಂದರೆ ಅದು ಸ್ಮರಣ ಸಂಚಿಕೆಯ ಉತ್ಪ್ರೇಕ್ಷೆಯಾದೀತು. ಪ್ರತಿಭೆಯಿದ್ದವರು ತಮ್ಮ ದಾರಿ ತಾವೇ ಮಾಡಿಕೊಂಡರು. ಲಂಕೇಶರಂಥ ಸಂಪಾದಕರು ಹಲವು ಲೇಖಕಿಯರನ್ನು ಕರೆದು ಬರೆಸಿದರು. ಸಂಘಗಳಿಂದ ನಿಜಕ್ಕೂ ಲಾಭವಾದದ್ದು ಎರಡನೆಯ ಸಾಲಿನವರಿಗೆ: ತಾಲ್ಲೂಕು ಕೇಂದ್ರದ ಶಾಲಾ ಶಿಕ್ಷಕಿಗೆ, ಬ್ಯಾಂಕಿನ ಗುಮಾಸ್ತೆಗೆ, ನಿವೃತ್ತಿಯ ನಂತರ ನೋಟುಪುಸ್ತಕ ಬಿಚ್ಚಿದ ಅಜ್ಜಿಗೆ. ಒಂದು ಊರಿನ ಸಾಹಿತ್ಯ ಜೀವಂತವಾಗಿರುವುದು ಇವರಿಂದ. ಚರಿತ್ರೆಯಲ್ಲಿ ಇವರ ಹೆಸರು ಬರುವುದಿಲ್ಲ, ಬರಬೇಕೆಂಬ ಹಟವೂ ಅವರಿಗಿಲ್ಲ.

ದತ್ತಿಯ ವಿಷಯವನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಕರ್ನಾಟಕ ಲೇಖಕಿಯರ ಸಂಘ ಪ್ರತಿವರ್ಷ ಕೊಡುವ ಪುಸ್ತಕ ಬಹುಮಾನಗಳಲ್ಲಿ ಬಹುಪಾಲು ದತ್ತಿ ಹಣದವು. ಅಮ್ಮನ ಹೆಸರಿನಲ್ಲಿ, ಅಕ್ಕನ ಹೆಸರಿನಲ್ಲಿ, ತೀರಿಹೋದ ಗೆಳತಿಯ ಹೆಸರಿನಲ್ಲಿ ಯಾರೋ ಇಟ್ಟ ಗಂಟು ಬ್ಯಾಂಕಿನಲ್ಲಿದೆ. ಅದರ ಬಡ್ಡಿ ಹೊಸಬಳೊಬ್ಬಳ ಕವನ ಸಂಕಲನಕ್ಕೆ ಬಹುಮಾನವಾಗುತ್ತದೆ. ವೈದ್ಯೆಯೂ ಕಾದಂಬರಿಗಾರ್ತಿಯೂ ಆಗಿದ್ದ ಅನುಪಮಾ ನಿರಂಜನರ ಹೆಸರಿನ ಪ್ರಶಸ್ತಿಗೆ ಹಿರಿಯ ಲೇಖಕಿಯರಲ್ಲಿ ವಿಶೇಷ ಗೌರವವಿದೆ. ಬಡ್ಡಿದರ ಇಳಿದಂತೆಲ್ಲ ಹಳೆಯ ದತ್ತಿಗಳ ಮೊತ್ತ ಸೊರಗಿ, ಈಗ ಬಹುಮಾನ ತೆಗೆದುಕೊಳ್ಳಲು ಬರುವವಳ ಬಸ್ ಚಾರ್ಜಿಗೂ ಸಾಲದಂತಾಗಿರುವುದು ಎಲ್ಲ ಸಂಘಗಳ ಗೋಳು. ದತ್ತಿ ಇಟ್ಟವರ ಮಕ್ಕಳು ಒಮ್ಮೆ ಆ ಕಡೆ ನೋಡಬೇಕು.

ಇನ್ನು ಕೊರತೆಗಳು. ಸಂಘಗಳನ್ನು ನೆನೆಯುವಾಗ ಕೊರತೆ ಹೇಳಬಾರದು ಎಂಬ ಪದ್ಧತಿ ನನಗೆ ಒಪ್ಪಿಗೆಯಿಲ್ಲ.

ಮೊದಲನೆಯದು, ಹೊಗಳಿಕೆ. ಸಂಕೋಚದವಳನ್ನು ವೇದಿಕೆಗೆ ತರಲು ‘ಚೆನ್ನಾಗಿದೆ’ ಎನ್ನುವುದು ಬೇಕು. ಹತ್ತು ವರ್ಷದ ನಂತರವೂ ಅದನ್ನೇ ಹೇಳುತ್ತಿದ್ದರೆ ಕವಿತೆ ನಿಂತಲ್ಲೇ ನಿಲ್ಲುತ್ತದೆ. ನಮ್ಮ ಗೋಷ್ಠಿಗಳ ಅಧ್ಯಕ್ಷೀಯ ಭಾಷಣಗಳಲ್ಲಿ ಇಪ್ಪತ್ತು ಕವಯಿತ್ರಿಯರಿಗೂ ಒಂದೊಂದು ಸಾಲು ಮೆಚ್ಚುಗೆ ಹಂಚುವ ಪದ್ಧತಿ ಬೇರುಬಿಟ್ಟಿದೆ. ಈ ಪದ ಇಲ್ಲಿ ಬೇಡ, ಕೊನೆಯ ನಾಲ್ಕು ಸಾಲು ತೆಗೆದರೆ ಕವಿತೆ ನಿಲ್ಲುತ್ತದೆ ಎಂದು ಹೇಳುವ ಧೈರ್ಯ ಬರಲಿಲ್ಲ. ಗಂಡಸರ ಗೋಷ್ಠಿಗಳಲ್ಲೂ ಹೀಗೇ ಎಂದು ಸಮಾಧಾನ ಮಾಡಿಕೊಳ್ಳಬಹುದು. ಆದರೆ ಅವರಿಗೆ ಗೋಷ್ಠಿಯ ಹೊರಗೆ, ಹೋಟೆಲಿನ ಕಾಫಿ ಮೇಜಿನ ಸುತ್ತ, ನಿಷ್ಠುರದ ಚರ್ಚೆಗೆ ಜಾಗವಿತ್ತು. ಹೆಂಗಸರಿಗೆ ಅಂಥ ಮೇಜು ಸಿಕ್ಕದ್ದು ಕಡಿಮೆ.

ಎರಡನೆಯದು, ಯಾರು ಬಂದರು ಎಂಬುದು. ಆರಂಭದ ದಶಕಗಳ ಸಂಘಗಳು ಹೆಚ್ಚಾಗಿ ನಗರದ, ಓದಿದ, ಮೇಲ್ಜಾತಿಯ ಹೆಂಗಸರವು. ಮಧ್ಯಾಹ್ನ ಮೂರು ಗಂಟೆಯ ಸಭೆ ಗೃಹಿಣಿಗೆ ಅನುಕೂಲ, ಕೂಲಿಗೆ ಹೋಗುವವಳಿಗೆ ಅಲ್ಲ. ಬಿ.ಟಿ. ಲಲಿತಾ ನಾಯಕ್, ದು. ಸರಸ್ವತಿ, ಬಾನು ಮುಷ್ತಾಕ್ ಮೊದಲಾದವರು ಸಾಹಿತ್ಯಕ್ಕೆ ಬಂದದ್ದು ಚಳವಳಿಗಳ ಬಾಗಿಲಿನಿಂದ. ಸಂಘಗಳು ಅವರಿಗೆ ಬಾಗಿಲು ಮುಚ್ಚಲಿಲ್ಲ, ಹುಡುಕಿಕೊಂಡು ಹೋಗಿ ಕರೆತರಲೂ ಇಲ್ಲ. ಹಾಸನದ ಬಾನು ‘ಒದ್ದೆ ಕಣ್ಣಿನ ಬಾಗಿನ’ ಎಂಬ ಕವನ ಸಂಕಲನವನ್ನೂ ತಂದವರು ಎಂಬುದು 2025ರ ಅಂತರರಾಷ್ಟ್ರೀಯ ಬೂಕರ್ ಗದ್ದಲದಲ್ಲಿ ಎಷ್ಟು ಜನಕ್ಕೆ ನೆನಪಾಯಿತು?

ಮೂರನೆಯದು ಸಂಘಗಳದ್ದಲ್ಲ, ಸಾಹಿತ್ಯ ಲೋಕದ್ದೇ. ಮಹಿಳಾ ಗೋಷ್ಠಿ ಎಂದು ಬೇರೆ ಚಪ್ಪರ ಹಾಕಿಕೊಟ್ಟ ಮೇಲೆ ಮುಖ್ಯ ಚಪ್ಪರದವರು ನಿಶ್ಚಿಂತರಾದರು. ಸಾಹಿತ್ಯ ಪರಿಷತ್ತು 1915ರಲ್ಲಿ ಆರಂಭವಾಯಿತು. ಸಮ್ಮೇಳನಕ್ಕೆ ಮೊದಲ ಅಧ್ಯಕ್ಷೆ ಸಿಕ್ಕಿದ್ದು 1974ರಲ್ಲಿ, ಮಂಡ್ಯದಲ್ಲಿ: ಮರಾಠಿ ಪರಿಸರದ ಸೊಲ್ಲಾಪುರದಲ್ಲಿ ಬೆಳೆದು ತ್ರಿಪದಿಯಲ್ಲಿ ಸಿದ್ಧರಾಮನ ಪು­ರಾಣ ಬರೆದ ಕವಯಿತ್ರಿ ಜಯದೇವಿತಾಯಿ ಲಿಗಾಡೆ. ಎರಡನೆಯವರಿಗಾಗಿ ಇನ್ನೂ 26 ವರ್ಷ ಕಾಯಬೇಕಾಯಿತು. 2000ದಲ್ಲಿ ಬಾಗಲಕೋಟೆಯಲ್ಲಿ ಶಾಂತಾದೇವಿ ಮಾಳವಾಡ, 2003ರಲ್ಲಿ ಮೂಡುಬಿದಿರೆಯಲ್ಲಿ ಕಮಲಾ ಹಂಪನಾ, 2010ರಲ್ಲಿ ಗದಗದಲ್ಲಿ ಗೀತಾ ನಾಗಭೂಷಣ. ಕರ್ನಾಟಕ ಸಾಹಿತ್ಯ ಅಕಾಡೆಮಿಯ ಅಧ್ಯಕ್ಷತೆ ಗೀತಾ ನಾಗಭೂಷಣ ಮತ್ತು ಮಾಲತಿ ಪಟ್ಟಣಶೆಟ್ಟಿಯವರಿಗೆ ಬಂತು. ಪರಿಷತ್ತಿನ ಅಧ್ಯಕ್ಷ ಸ್ಥಾನಕ್ಕೆ ಮಾತ್ರ ನೂರು ವರ್ಷ ದಾಟಿದರೂ ಒಬ್ಬ ಹೆಂಗಸು ಆರಿಸಿ ಬಂದಿಲ್ಲ. ಮತ ಹಾಕುವವರು ನಾವೇ, ಅದರಲ್ಲಿ ಹೆಂಗಸರೂ ಇದ್ದಾರೆ.

ಇಷ್ಟನ್ನು ಬರೆಯುವಾಗ ಹೆಚ್ಚು ತೊಡಕಾದದ್ದು ದಾಖಲೆಗಳ ಕಡೆಯಿಂದ. ದೊಡ್ಡ ಲೇಖಕಿಯರ ಬಗ್ಗೆ ಪುಸ್ತಕಗಳಿವೆ. ಜಿಲ್ಲೆ, ತಾಲ್ಲೂಕುಗಳ ಗೋಷ್ಠಿಗಳ ಬಗ್ಗೆ ಏನೂ ಇಲ್ಲ. ಆ ಚರಿತ್ರೆ ಇರುವುದು ಕಾರ್ಯದರ್ಶಿಗಳ ಮನೆಯ ಅಟ್ಟದ ಮೇಲೆ: ನಡಾವಳಿ ಪುಸ್ತಕ, ಆಹ್ವಾನ ಪತ್ರಿಕೆ, ಬಿಲ್ಲು, ಹೆಸರು ಬರೆಯದ ಫೋಟೋ. ಓದುಗರಲ್ಲಿ ನನ್ನ ಕೋರಿಕೆ ಇದೊಂದೇ. ನಿಮ್ಮ ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಯಾವುದಾದರೂ ಮಹಿಳಾ ಸಮಾಜದಲ್ಲಿ, ಲೇಖಕಿಯರ ಸಂಘದಲ್ಲಿ ಕವಿತೆ ಓದಿದ್ದರೆ ಆ ಕಾಗದಗಳನ್ನು ರದ್ದಿಗೆ ಹಾಕಬೇಡಿ. ಫೋಟೋದ ಹಿಂದೆ ಊರು, ಇಸವಿ, ನಿಂತವರ ಹೆಸರು ಪೆನ್ಸಿಲಿನಲ್ಲಿ ಬರೆಯಿರಿ. ನೋಟುಪುಸ್ತಕ ಕೊಡಲು ಮನಸ್ಸಿಲ್ಲದಿದ್ದರೆ ಅದರ ನಕಲು ಪ್ರತಿಯನ್ನಾದರೂ ನಿಮ್ಮ ಜಿಲ್ಲೆಯ ಸಂಘಕ್ಕೋ ಹತ್ತಿರದ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೋ ತಲುಪಿಸಿ. ಮನೆ ಖಾಲಿ ಮಾಡುವ ಮೊದಲೇ ಈ ಕೆಲಸ ಆಗಲಿ.